ಬೈಗುಳಕ್ಕೊಂದು ಸೇತುವೆ

ಸೇತುವೆ ತೆರೆದ ಮೊದಲ ಸೋಮವಾರ ಬೆಳಿಗ್ಗೆ, ಸೂರ್ಯ ಇನ್ನೂ ಕಂಬಿಗಳಿಗಿಂತ ಕೆಳಗೇ ಇದ್ದಾಗ, ನಾನು ಅದರ ನಟ್ಟನಡುವೆ ನಿಂತಿದ್ದೆ. ಬೆನ್ನಿಗೆ ಎಡಗಡೆಯ ಕಂಬಿ, ಮುಂದೆ ಅಡ್ಡ ಹಿಡಿದ ಸೈಕಲ್ಲು. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಆ ದಿನದ ಕಥೆಯನ್ನು ಇಳಕಲ್ಲಿನಲ್ಲಿ ಈಗ ಎಲ್ಲರೂ ಹೇಳುತ್ತಾರೆ; ಅಲ್ಲಿ ಇರದೇ ಇದ್ದವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ನಿನ್ನೆ ಅದೇ ಜಾಗದಲ್ಲಿ ಒಬ್ಬ ಹುಡುಗಿ ನನ್ನನ್ನು ತಡೆದಳು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಓದುತ್ತಾಳಂತೆ. ನಡೆಯುವವರಿಗೂ ಸೈಕಲ್ಲಿನವರಿಗೂ ಎಂದೇ ಕಟ್ಟಿದ ಈ ಸೇತುವೆಯಿಂದ ಜನರಿಗೆ ಏನಾಗಿದೆ ಎಂದು ಅವಳಿಗೆ ತಿಳಿಯಬೇಕಿತ್ತು. ಮೊಬೈಲು ಹಿಡಿದು, “ಸರ, ಯಾವುದಕ್ಕ ಉಪಯೋಗ ಆತ್ರಿ? ಸಾಲಿಗೋ, ಸಂತಿಗೋ, ದವಾಖಾನಿಗೋ?” ಎಂದಳು. ಈ ಮೂರರಲ್ಲಿ ಗಂಗವ್ವನನ್ನು ಎಲ್ಲಿ ಸೇರಿಸಲಿ, ಹೇಳಿ?

ಗಂಗವ್ವ ನಮ್ಮ ಓಣಿಯವಳು, ನಮಗೆಲ್ಲ ಕಾಕು. ನೀಲವ್ವ ಮೊದಲು ಅವಳ ಪಕ್ಕದ ಮನೆಯಲ್ಲೇ ಇದ್ದಳು. ಒಮ್ಮೆ ನೀಲವ್ವ ಕಡ ಒಯ್ದ ಮಣ್ಣಿನ ರೊಟ್ಟಿ ಹಂಚು ಒಡೆದು ವಾಪಸು ಬಂತು. ಕೊಡುವಾಗಲೇ ಬಿರುಕು ಬಿಟ್ಟಿತ್ತು ಎಂದಳು ನೀಲವ್ವ. ಜಗಳ ಇನ್ನೂ ಹದಕ್ಕೆ ಬರುವುದರೊಳಗೆ ಅವಳ ಮಗ ಹಳ್ಳದ ಆಚೆ ದಂಡೆಯಲ್ಲಿ ಮನೆ ಕಟ್ಟಿಸಿ ತಾಯಿಯನ್ನು ಕರೆದುಕೊಂಡು ಹೋದ. ಬೇರೆಯವರ ಜಗಳವಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇದು ಬರೀ ಜಾಗ ಬದಲಿಸಿತು.

ದಿನಾ ಬೆಳಿಗ್ಗೆ ಈ ದಂಡೆಗೆ ಗಂಗವ್ವ, ಆ ದಂಡೆಗೆ ನೀಲವ್ವ. ನಡುವೆ ಜಾಲಿಕಂಟಿ ಮತ್ತು ಯಾರೂ ಕಾಲಿಡದ ಕರಿ ನೀರು. ಆಚೆ ಹೋಗಬೇಕೆಂದರೆ ಬಸ್ ನಿಲ್ದಾಣದ ಕಡೆಯಿಂದ ಸುತ್ತಿ ಹೋಗಬೇಕು. ಜಗಳಕ್ಕೆಂದು ಅಷ್ಟು ದೂರ ಯಾರು ನಡೆಯುತ್ತಾರೆ? ಎರಡೂ ಕಡೆ ಮಗ್ಗಗಳ ಸದ್ದು ಬೇರೆ. ಅದನ್ನು ದಾಟುವಷ್ಟು ಗಂಟಲು ಇಬ್ಬರಿಗೂ ಇತ್ತು. ಗಂಗವ್ವನ ಕೊನೆಯ ಮಾತು ಮಾತ್ರ ನಿತ್ಯ ಒಂದೇ. “ನಡುವ ಹಳ್ಳ ಐತಿ ಅಂತ ಉಳದೀ!” ಅಷ್ಟಾದ ಮೇಲೆ ಇಬ್ಬರೂ ಒಳಗೆ ಹೋಗಿ ಒಲೆ ಹಚ್ಚುತ್ತಿದ್ದರು.

ಹಾಗಿರುವಾಗ ಸೇತುವೆ ಬಂತು. ಮಕ್ಕಳು ಶಾಲೆಗೆ ಬೇಗ ಮುಟ್ಟಿದರು, ನೇಕಾರರು ಸೀರೆಯ ಗಂಟುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಪೇಟೆಗೆ ಹೋದರು. ಅದೆಲ್ಲ ಸರಿ. ಎರಡೂ ದಂಡೆಗಳಿಗೆ ಇದ್ದ ಚಿಂತೆ ಬೇರೆ. ಈಗ ನಡುವೆ ಹಳ್ಳವಿಲ್ಲವಲ್ಲ, ಗಂಗವ್ವ ಏನು ಮಾಡುತ್ತಾಳೆ? ಅಷ್ಟು ವರ್ಷ ಆಡಿದ ಮಾತು. ದಾಟದಿದ್ದರೆ ಮಾನ ಹೋಗುತ್ತದೆ. ಸೇತುವೆ ತೆರೆದ ಮೇಲೆ ಅವಳು ದಂಡೆಗೇ ಬರಲಿಲ್ಲ. ಸೋಮವಾರ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

ನಾನು ಮನೆಯಲ್ಲಿ ವ್ಯಾಯಾಮಕ್ಕೆಂದು ಹೇಳಿ ಸೈಕಲ್ಲು ತೆಗೆದುಕೊಂಡು ಮುಂದೆ ಹೋದೆ. ಅವರಿಬ್ಬರ ನಡುವೆ ತಡೆಯಾಗಲಿ ಎಂದು ಸೈಕಲ್ಲನ್ನು ಅಡ್ಡ ಹಿಡಿದೆ ಎಂದು ಆಮೇಲೆ ಹೇಳಿಕೊಂಡು ತಿರುಗಿದ್ದೇನೆ. ಖರೆ ಹೇಳಬೇಕೆಂದರೆ ಅದರ ಹಿಂದೆ ಅಡಗಿ ನಿಂತವನು ನಾನು. ಗಂಗವ್ವನ ಬೆನ್ನಿಗೆ ಹಾಲಿನ ಮಲ್ಲಪ್ಪ ಕ್ಯಾನು ಹೇರಿದ ಸೈಕಲ್ಲಿನೊಂದಿಗೆ ಸಿಕ್ಕಿಹಾಕಿಕೊಂಡಿದ್ದ. ಎದುರಿನಿಂದ ನೀಲವ್ವನೂ ಬಂದಳು.

ಇಬ್ಬರೂ ನನ್ನ ಸೈಕಲ್ಲಿನ ಎರಡು ಕಡೆ ನಿಂತರು. ಅಷ್ಟು ಹತ್ತಿರದಿಂದ ಒಬ್ಬರನ್ನೊಬ್ಬರು ನೋಡಿ ಎಷ್ಟೋ ವರ್ಷಗಳಾಗಿದ್ದವು. ಗಂಗವ್ವನಿಗೆ ಏದುಸಿರು, ಎರಡೂ ಕೈಯಿಂದ ಕಂಬಿ ಹಿಡಿದುಕೊಂಡಳು. ಮಾರು ದೂರದಲ್ಲಿ ಇದ್ದವರಿಗೆ ಒದರುವುದು ಹೇಗೆ? ಮಜ್ಜಿಗೆ ಕೇಳುವವಳ ದನಿಯಲ್ಲಿ, “ಹಂಚು ಒಡದ ಕೈ ಇನ್ನೂ ನೆಟ್ಟಗ ಅದಾವಲ್ಲ ನಿನ್ನು,” ಎಂದಳು.

ನೀಲವ್ವ ಅವಳ ಮುಖ ನೋಡಲಿಲ್ಲ, ಕೈ ನೋಡಿದಳು.

“ಕೈ ಬಿಡು. ಕಂಬಿ ಹಿಡಕೊಂಡು ಮಾತಾಡಿದ್ರ ನನಗ ಹೆಂಗ ತಿಳೀಬೇಕು?” ಎಂದಳು. ಗಂಗವ್ವ ಕಣ್ಣು ಕಿರಿದು ಮಾಡಿದಾಗ, ತಾನೇ ಮುಂದುವರಿಸಿದಳು. “ಕಿವಿ ಹೋಗಿ ಭಾಳ ವರ್ಷ ಆತು. ನೀ ಕೈ ಮ್ಯಾಲ ಮಾಡಿದ್ರ ಹಂಚಿನ ಸುದ್ದಿ, ಸೊಂಟದ ಮ್ಯಾಲ ಇಟ್ರ ನನ್ನ ತವರಮನಿ ಸುದ್ದಿ. ಅದಕ್ಕ ತಕ್ಕಂಗ ನಾ ಒದರತಿದ್ದೆ.”

ಹಳ್ಳ ತುಂಬಿ ಬಂದಾಗ ದಂಡೆಯ ಗೋಡೆ ಕುಸಿದದ್ದನ್ನು ನಾನು ನೋಡಿದ್ದೇನೆ. ಗಂಗವ್ವನ ಮುಖವೂ ಆಗ ಹಾಗೇ ಕುಸಿಯಿತು. ಅವಳು ನನ್ನ ಕಡೆ ತಿರುಗಿದಳು.

“ಹಂಗಾರ ಇಷ್ಟು ವರ್ಷ ನಾ ಬೈದದ್ದು ಯಾರಿಗಿ?”

“ನಮಗ ಕೇಳಸ್ತಿತ್ತಲ್ಲ, ಕಾಕು,” ಎಂದೆ. ಸಮಾಧಾನಕ್ಕೆ ಹೇಳಿದ್ದು. ಆಗಲಿಲ್ಲ.

ಹಿಂದೆ ಮಲ್ಲಪ್ಪ ಕಿಸಕ್ಕನೆ ನಕ್ಕ. “ನೀ ಸುಮ್ಕಿರಲೇ, ನೀರ ಮಾರಾಂವ,” ಎಂದು ಅವನನ್ನು ಗದರಿಸಿ, ಗಂಗವ್ವ ನನ್ನ ಸೈಕಲ್ಲನ್ನು ಪಕ್ಕಕ್ಕೆ ತಳ್ಳಿ ನೀಲವ್ವನ ಮಣಿಕಟ್ಟು ಹಿಡಿದಳು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವಳನ್ನು ನಮ್ಮ ದಂಡೆಯ ಕಡೆ ಎಳೆದುಕೊಂಡು ಹೋಗುತ್ತಿದ್ದಳು. “ನಡಿ, ಮೊದಲ ಕಿವಿ ತೋರಸೂಣು. ಆಮ್ಯಾಲ ಒಂದ ಮಾತೂ ಬಿಡದ ಮೊದಲಿಂದ ಹೇಳತೇನಿ.”

ಬಾಗಲಕೋಟೆಯ ದವಾಖಾನೆಗೆ ಬಸ್ಸಿನಲ್ಲಿ ಹೋಗಿ ಬಂದರು. ಬರುವಾಗ ಅಮೀನಗಡದಲ್ಲಿ ಇಳಿಸಿ, “ಬೈಸಿಕೊಳ್ಳಾಕ ಶಕ್ತಿ ಬೇಕು,” ಎಂದು ಗಂಗವ್ವ ಕರದಂಟು ತಿನ್ನಿಸಿದಳಂತೆ. ಆಮೇಲೆ ದಿನಾ ಸೇತುವೆಯ ಕಟ್ಟೆಯ ಮೇಲೆ ಇಬ್ಬರೂ. ಕಿವಿಗೆ ಮಿಷಿನ್ನು ಹಾಕಿಕೊಂಡ ನೀಲವ್ವ ಕೇಳುವುದು, ಗಂಗವ್ವ ಹಂಚಿನಿಂದ ಶುರು ಮಾಡುವುದು. ಬೇಸರವಾದರೆ ನೀಲವ್ವ ಮೆಲ್ಲಗೆ ಮಿಷಿನ್ನು ಬಂದ್ ಮಾಡುತ್ತಿದ್ದಳು. ಅವಳು ಎಲ್ಲಕ್ಕೂ ತಲೆಯಾಡಿಸತೊಡಗಿದ ಕೂಡಲೇ ಗಂಗವ್ವನಿಗೆ ಗೊತ್ತಾಗುತ್ತಿತ್ತು. “ಹೂಂ ಹೂಂ ಅನಬ್ಯಾಡ. ಹಚ್ಚು ಅದನ್ನ.”

ನಿನ್ನೆ ಆ ಹುಡುಗಿ ನನ್ನನ್ನು ಬಿಟ್ಟು ಕಟ್ಟೆಯ ಮೇಲಿದ್ದ ಮುದುಕಿಯನ್ನು ಕೇಳಿದಳು. “ಅಜ್ಜಿ, ಸೇತುವಿಯಿಂದ ನಿಮಗ ಏನ್ ಉಪಯೋಗ ಆತ್ರಿ?” ನೀಲವ್ವ ಮಿಷಿನ್ನು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿಸಿದಳು.

“ಬೈಗಳಾ ಕೇಳಿಸಿದ್ವು,” ಎಂದಳು.

ಹುಡುಗಿ ಮೊಬೈಲಿನಲ್ಲಿ ಎಲ್ಲಿ ಒತ್ತಬೇಕೆಂದು ತಿಳಿಯದೆ ನನ್ನನ್ನು ನೋಡಿದಳು. ಈ ಸಲ ನನ್ನ ಹತ್ತಿರ ಉತ್ತರವಿತ್ತು. “ದವಾಖಾನಿ ಅಂತ ಒತ್ತವಾ,” ಎಂದೆ.

ಅಂದು ಸೇತುವೆಯ ನಡುವೆ ಇದ್ದವರು ನಾಲ್ವರು. ಗಂಗವ್ವ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಕಣ್ಣಾರೆ ಕಂಡವರಲ್ಲಿ ಈಗ ಇರುವವರು ಹಾಲಿನ ಮಲ್ಲಪ್ಪ, ನಾನು, ಮತ್ತು ಬೆಳಗಾದರೆ ಮಿಷಿನ್ನು ಹಚ್ಚಿಕೊಂಡು ನಮ್ಮ ದಂಡೆಯ ಕಡೆ ಮುಖ ಮಾಡಿ ಕೂಡುವ ನೀಲವ್ವ.