ಕವಲಿನ ಕಲ್ಲುಗಳು

ಭಾವ ಬೆಟ್ಟದಲ್ಲಿ ತೀರಿಹೋದ ಮೇಲೆ ಅಕ್ಕ ಇನ್ನು ಪಾಠ ಮಾಡುವುದಿಲ್ಲ ಎಂದು ನಾನು ಕೇಳಿದವರಿಗೆಲ್ಲ ಹೇಳಿಬಿಟ್ಟಿದ್ದೆ. ಅವಳನ್ನು ಕೇಳಿರಲಿಲ್ಲ. ಕೇಳುವುದೇನು ಬಂತು, ಗಂಡನನ್ನು ನುಂಗಿದ ಬೆಟ್ಟವನ್ನು ಹತ್ತುವುದು ಹೇಗೆಂದು ಯಾರಾದರೂ ಇನ್ನೊಬ್ಬರಿಗೆ ಕಲಿಸುತ್ತಾರೆಯೇ? ಆದರೆ ನನ್ನ ಅಕ್ಕನ ವಿಷಯದಲ್ಲಿ ನಾನು ಅಂದುಕೊಂಡದ್ದು ಇವತ್ತಿನವರೆಗೆ ಒಂದೂ ಆಗಿಲ್ಲ.

ಅಕ್ಕ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಕೈಕಟ್ಟಿ ಕೂರುವ ಜಾಯಮಾನ ಅವಳದಲ್ಲ. ಸೈಕಲ್ ಅಂಗಡಿಯ ಮೇಲಿನ ಕೋಣೆಯನ್ನು ಹಿಡಿದು, ಹಳೆಯ ಕಪ್ಪುಹಲಗೆಯೊಂದನ್ನು ಗೋಡೆಗೆ ಹೊಡೆದು, ಭಾನುವಾರದ ತರಗತಿ ಶುರುಮಾಡಿದಳು. ಊರಾಚೆಯ ಬೆಟ್ಟದಲ್ಲಿ ಒಂದೆರಡು ದಿನ ಇದ್ದು, ಕೈಕಾಲು ನೆಟ್ಟಗಿಟ್ಟುಕೊಂಡು ವಾಪಸು ಬರುವುದು ಹೇಗೆ ಎಂಬುದೇ ಪಾಠ. ಬರುವವರು ಬ್ಯಾಂಕಿನ ಗುಮಾಸ್ತರು, ನರ್ಸುಗಳು, ಕುರ್ಚಿಯಲ್ಲಿ ಕೂತು ಕೂತು ಬೆನ್ನು ಹಿಡಿದುಕೊಂಡವರು. ಕೆಳಗೆ ಅಂಗಡಿಯವನು ಸುತ್ತಿಗೆಯಲ್ಲಿ ಚಕ್ರ ಬಡಿಯುವ ಸದ್ದು, ಮೇಲೆ ಅಕ್ಕನ ಸದ್ದು. ಸುತ್ತಿಗೆಯೇ ಸೋಲುತ್ತಿತ್ತು, ಬೀದಿಯಲ್ಲಿ ನಿಂತ ನನಗೂ ಪಾಠವೆಲ್ಲ ಕೇಳುತ್ತಿತ್ತು.

"ಬರೀ ನೆಲದ ಮೇಲೆ ಕೂರಬೇಡಿ. ಗಾಳಿಗಿಂತ ಮೊದಲು ನೆಲ ಮೈಯ ಬಿಸಿ ಎಳ್ಕೊಳ್ಳುತ್ತೆ. ಚೀಲ ಹಾಕ್ಕೊಳ್ಳಿ, ತರಗೆಲೆ ಹಾಕ್ಕೊಳ್ಳಿ. ಒದ್ದೆ ಕಾಲುಚೀಲಾನ ಬೆಂಕಿ ಹತ್ರ ಇಟ್ಟು ಸುಟ್ಕೋಬೇಡಿ, ಹೊಟ್ಟೆಗೆ ಒತ್ತಿಟ್ಕೊಂಡು ಮಲಗಿ, ಬೆಳಿಗ್ಗೆ ಒಣಗಿರುತ್ತೆ. ಹೊರಡೋ ಮುಂಚೆ ಮನೇಲಿ ಒಬ್ರಿಗಾದ್ರೂ ಯಾವ ದಾರಿ ಅಂತ ಹೇಳಿ ಹೋಗಿ. ದಾರಿ ತಪ್ತು, ಪೆಟ್ಟಾಯ್ತು ಅಂದ್ರೆ ಅಲ್ಲೇ ಕೂತ್ಕೊಳ್ಳಿ. ಕಣ್ಣಿಗೆ ಹೊಡೆಯೋ ಬಣ್ಣದ ಬಟ್ಟೆ ಹರಡಿ. ಮೂರು ಸಲ ಸೀಟಿ ಊದಿ, ನಿಲ್ಲಿಸಿ, ಮತ್ತೆ ಊದಿ. ಹುಡುಕೋರು ಬಂದೇ ಬರ್ತಾರೆ."

ನಾನು ಬಸ್‌ಸ್ಟ್ಯಾಂಡಿನ ಟಿಕೆಟ್ ಕೌಂಟರಿನಲ್ಲಿ ಕೂರುವವಳು, ಅಕ್ಕ-ಭಾವನ ಮನೆಯಲ್ಲೇ ಇರುವವಳು. "ಮನೇಲಿ ಮಂಚ ಇದೆ, ಹಾಸಿಗೆ ಇದೆ. ಕಲ್ಲಿನ ಮೇಲೆ ಮಲಗೋದಕ್ಕೆ ಪಾಠ ಬೇರೆ ಕೇಡು" ಎಂದು ರೇಗಿಸುತ್ತಿದ್ದೆ. ಅಕ್ಕ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಭಾವ ಮಾತ್ರ ಸ್ಕ್ರೂಡ್ರೈವರ್ ಕೆಳಗಿಟ್ಟು, "ನಿನ್ನ ತಂಗಿ ಊರಿನವರನ್ನೆಲ್ಲ ಎಲ್ಲೆಲ್ಲಿಗೋ ಕಳಿಸ್ತಾಳೆ, ತಾನು ಮಾತ್ರ ಬೀದಿ ದಾಟಲ್ಲ ನೋಡು" ಎನ್ನುತ್ತಿದ್ದರು. ಫ್ಯಾನು, ಇಸ್ತ್ರಿ ಪೆಟ್ಟಿಗೆ ರಿಪೇರಿ ಮಾಡುವ ಮನುಷ್ಯ. ಅಕ್ಕ ಹತ್ತು ಮಾತಾಡಿದರೆ ಅವರದು ಒಂದು, ಆ ಒಂದರಲ್ಲಿ ನಮ್ಮಿಬ್ಬರನ್ನೂ ನಗಿಸಿ ಸುಮ್ಮನಾಗುತ್ತಿದ್ದರು. ತರಗತಿಯವರನ್ನು ಅಕ್ಕ ಬೆಟ್ಟಕ್ಕೆ ಕರೆದೊಯ್ಯುವ ಮೊದಲು ಭಾವ ಹೋಗಿ ಒರತೆಯಲ್ಲಿ ನೀರಿದೆಯೇ ಎಂದು ನೋಡಿಕೊಂಡು ಬರುತ್ತಿದ್ದರು. ಹೇಳಿದ ದಾರಿ ಬಿಟ್ಟು ಬೇರೆ ದಾರಿ ಹಿಡಿಯಬೇಕಾದರೆ ಕವಲಿನಲ್ಲಿ ಕಲ್ಲುಗಳನ್ನು ಬಾಣದ ಹಾಗೆ ಜೋಡಿಸಿಡುವುದು ಗಂಡಹೆಂಡಿರ ನಡುವಿನ ಹಳೆಯ ರೂಢಿ. ಹಿಂದೆ ಬರುವವರಿಗೆ, ನಾನು ಈ ಕಡೆ ಹೋದೆ ಎಂದು ಹೇಳುವ ಗುರುತು.

ತರಗತಿಯಲ್ಲಿ ಆ ಗುರುತನ್ನು ಅಕ್ಕ ಕಲಿಸಲಿಲ್ಲ. ಕಾರಣ ಇತ್ತು. ಬೆಟ್ಟಕ್ಕೆ ಬರುವ ಜನ ಫೋಟೋ ತೆಗೆಯಲಿಕ್ಕೆಂದು ಎಲ್ಲೆಂದರಲ್ಲಿ ಕಲ್ಲು ಪೇರಿಸಿಟ್ಟು ಹೋಗುವ ಹುಚ್ಚು ಶುರುವಾಗಿತ್ತು. ಅದನ್ನು ಕಂಡರೆ ಅಕ್ಕನಿಗೆ ಮೈಯೆಲ್ಲ ಉರಿ. "ನಾವು ಬಂದಿದ್ವಿ ಅಂತ ಬೆಟ್ಟಕ್ಕೆ ಗೊತ್ತಾಗಬಾರದು. ಬೂದಿ ಚೆಲ್ಲಿ, ಕಸ ಹೊತ್ಕೊಂಡು ಬನ್ನಿ, ಯಾರಾದ್ರೂ ಕಲ್ಲು ಜೋಡಿಸಿದ್ದು ಕಂಡ್ರೆ ಕೆಡವಿ ಬನ್ನಿ" ಎಂದು ಪ್ರತಿ ತರಗತಿಯಲ್ಲೂ ಹೇಳುತ್ತಿದ್ದಳು.

ಅವಳು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದವರೆಂದರೆ ಔಷಧಿ ಅಂಗಡಿಯ ಹೆಂಗಸು. ಎಲ್ಲರೂ ಅವರನ್ನು ಮಾತ್ರೆ ಮೇಡಂ ಎನ್ನುತ್ತಿದ್ದರು. ಒಂಟಿ ಜೀವ, ವಯಸ್ಸು ನನ್ನಷ್ಟೇ. ಒಮ್ಮೆ ಯಾರಿಗೋ ಬರೆದದ್ದಕ್ಕಿಂತ ಜಾಸ್ತಿ ಶಕ್ತಿಯ ಮಾತ್ರೆ ಕೊಟ್ಟುಬಿಟ್ಟಿದ್ದರಂತೆ. ಓಡಿಹೋಗಿ ವಾಪಸು ಇಸಿದುಕೊಂಡರು, ಯಾರಿಗೂ ಏನೂ ಆಗಲಿಲ್ಲ. ಆದರೂ ವಾರಗಟ್ಟಲೆ ಅನ್ನ ಸೇರದೆ ಕಡ್ಡಿಯಾಗಿಬಿಟ್ಟಿದ್ದರು. ಬೆಟ್ಟದಲ್ಲಿ ಮಾತ್ರ ಅವರು ನಗುವುದನ್ನು ಕಂಡೆ ಎಂದು ಅಕ್ಕ ಹೇಳುತ್ತಿದ್ದಳು.

ಆ ಭಾನುವಾರ ಅಕ್ಕನಿಗೆ ಜ್ವರ. ತರಗತಿಯ ಕೆಲವರು ಹಿಂದಿನ ದಿನವೇ ತಮ್ಮಷ್ಟಕ್ಕೆ ಬೆಟ್ಟಕ್ಕೆ ಹೋಗಿ ಮೇಲೆ ಡೇರೆ ಹಾಕಿದ್ದರು, ಮಾತ್ರೆ ಮೇಡಂ ಅವರ ಜೊತೆಗಿದ್ದರು. ಭಾವ ಬೆಳಿಗ್ಗೆ ಎದ್ದು, "ದಿಣ್ಣೆ ಮೇಲಿನ ದಾರಿ. ಒರತೆ ನೋಡ್ಕೊಂಡು ಸಂಜೆಗೆ ಬಂದೆ" ಎಂದು ಹೇಳಿ ಹೊರಟರು. ಮಧ್ಯಾಹ್ನ ಡೇರೆಯವರೆಲ್ಲ ಇಳಿದು ಬಂದರು. ಸಂಜೆಯಾದರೂ ಭಾವ ಬರಲಿಲ್ಲ. ಅಲ್ಲಿ ಫೋನ್ ಹಿಡಿಯುವುದಿಲ್ಲ. ಜಡಿಮಳೆ ಹಿಡಿದುಕೊಂಡಿತ್ತು, ಅಕ್ಕ ಜ್ವರದ ಮೈಯಲ್ಲೇ ಹೊಸ್ತಿಲಲ್ಲಿ ಕೂತಿದ್ದಳು.

ಮರುದಿನ ಅರಣ್ಯ ಕಾವಲಿನವರು, ತರಗತಿಯವರು ಎಲ್ಲ ಸೇರಿ ದಿಣ್ಣೆಯ ದಾರಿಯನ್ನೂ ಒರತೆಯ ಸುತ್ತಮುತ್ತಲನ್ನೂ ಜಾಲಾಡಿದರು. ಅಷ್ಟು ಮಳೆ ಬಂದರೂ ಒರತೆ ಬತ್ತಿಯೇ ಇತ್ತು. ಭಾವನ ಸುಳಿವಿಲ್ಲ. "ಅವರು ನಡೆದಾಡ್ತಾ ಇರಲ್ಲ, ಎಲ್ಲೋ ಒಂದು ಕಡೆ ಕೂತಿರ್ತಾರೆ. ಕೂತಿರೋರು ಸಿಕ್ಕೇ ಸಿಗ್ತಾರೆ" ಎಂದು ಅಕ್ಕ ಹೇಳುತ್ತಲೇ ಇದ್ದಳು. ದಿಣ್ಣೆಯ ದಾರಿಯೂ ಪಾಳುಬಾವಿಯ ದಾರಿಯೂ ಬೇರೆಯಾಗುವ ಕವಲಿನಲ್ಲಿ ಅವಳೇ ನಿಂತು ನೆಲ ನೋಡಿದಳು. ಗುರುತು ಇರಲಿಲ್ಲ. ಅಂದ ಮೇಲೆ ಹೇಳಿದ ದಾರಿಯಲ್ಲೇ ಹೋಗಿದ್ದಾರೆ ಎಂದಳು, ಎಲ್ಲರೂ ಮತ್ತೆ ಅದೇ ದಾರಿ ಹಿಡಿದರು.

ಮಂಗಳವಾರ ಮಧ್ಯಾಹ್ನ ಕಾವಲು ಠಾಣೆಯ ಜಗುಲಿಯಲ್ಲಿ ನಾವು ಚಹಾ ಹಿಡಿದು ಕೂತಿದ್ದೆವು. ಮಾತ್ರೆ ಮೇಡಂ ಅಂಗಡಿಗೆ ಬೀಗ ಹಾಕಿ ಬ್ಯಾಂಡೇಜು, ಮುಲಾಮು ಎಲ್ಲ ಕಟ್ಟಿಕೊಂಡು ಬಂದಿದ್ದರು. ಅಕ್ಕನಿಗೆ ಸಮಾಧಾನ ಹೇಳಲು ಬೇರೆ ಮಾತು ತೋಚದೆ ಅಂದರು:

"ನಾವೇನೂ ತಪ್ಪು ಮಾಡಿಲ್ಲ ಟೀಚರ್. ಅವತ್ತು ಇಳಿಯುವಾಗ ನೀವು ಹೇಳಿದ ಹಾಗೇ ಎಲ್ಲ ಚೊಕ್ಕ ಮಾಡ್ಕೊಂಡೇ ಬಂದ್ವಿ. ಕವಲಲ್ಲಿ ಯಾರೋ ಕಲ್ಲು ಜೋಡ್ಸಿದ್ರು, ಅದನ್ನೂ ಬಿಡಲಿಲ್ಲ. ನಾನೇ ಚದುರಿಸ್ದೆ."

ಅಕ್ಕ ಲೋಟ ಕೆಳಗಿಟ್ಟಳು.

"ಹೇಗೆ ಜೋಡ್ಸಿದ್ರು?"

"ಉದ್ದಕ್ಕೆ. ಮುಂದೆ ಚೂಪಾಗಿ, ಬಾಣದ ಥರ."

"ಯಾವ ಕಡೆಗೆ?"

"ಪಾಳುಬಾವಿ ಕಡೆಗೆ ಇರಬೇಕು. ಯಾಕೆ ಟೀಚರ್?"

"ಏನಿಲ್ಲ" ಎಂದು ಅಕ್ಕ ಎದ್ದಳು. ಕಾವಲಿನವರ ಹತ್ತಿರ ಹೋಗಿ, ಪಾಳುಬಾವಿಯ ಕಡೆ ಒಮ್ಮೆ ನೋಡೋಣ ಎಂದಷ್ಟೇ ಹೇಳಿದಳು. ಒರತೆ ಬತ್ತಿದ್ದನ್ನು ಕಂಡು ಭಾವ ಕವಲಿಗೆ ಹಿಂದಿರುಗಿ, ಬಾವಿಯಲ್ಲಾದರೂ ನೀರಿದೆಯೇ ನೋಡೋಣ ಎಂದು ಹೋಗಿದ್ದಾರೆ. ಹೋಗುವ ಮೊದಲು ಹೆಂಡತಿಗೆ ಹೇಳಿಯೇ ಹೋಗಿದ್ದಾರೆ.

ಬಾವಿಗೆ ಸ್ವಲ್ಪ ಮೊದಲು ದಾರಿ ಕುಸಿದಿತ್ತು. ಭಾವ ಕೆಳಗಿನ ಕೊರಕಲಿನಲ್ಲಿದ್ದರು. ಹಳದಿ ರೇನ್‌ಕೋಟನ್ನು ಪೊದೆಯ ಮೇಲೆ ಹರಡಿದ್ದರು. ಚೀಲದ ಮೇಲೆ ಕೂತಿದ್ದರು, ಬರೀ ನೆಲದ ಮೇಲಲ್ಲ. ಮುರಿದ ಕಾಲಿಗೆ ಎರಡು ಕಡ್ಡಿಯಿಟ್ಟು ಅಂಗಿಯ ತೋಳು ಹರಿದು ಕಟ್ಟಿಕೊಂಡಿದ್ದರು. ಸೀಟಿ ಅಂಗೈಯಲ್ಲಿತ್ತು. ಆ ಕೊರಕಲಿನಿಂದ ಊದಿದರೆ ದಿಣ್ಣೆಯಾಚೆ ಹುಡುಕುತ್ತಿದ್ದ ನಮಗೆ ಹೇಗೆ ಕೇಳಬೇಕು? ಅಕ್ಕ ಹೇಳಿಕೊಟ್ಟಿದ್ದರಲ್ಲಿ ಒಂದನ್ನೂ ಆ ಮನುಷ್ಯ ಬಿಟ್ಟಿರಲಿಲ್ಲ. ಸೋಮವಾರದ ರಾತ್ರಿ ಕಳೆದು ಬೆಳಗಿನ ಜಾವ ಜೀವ ಹೋಗಿದೆ ಎಂದು ವೈದ್ಯರು ಆಮೇಲೆ ಹೇಳಿದರು. ನಾವು ಒಂದು ದಿನ ಮೊದಲು ಅಲ್ಲಿಗೆ ಮುಟ್ಟಿದ್ದರೆ ಉಳಿಯುತ್ತಿದ್ದರು. ಠಾಣೆಗೆ ತಂದು ಮಲಗಿಸಿದಾಗ ಮಾತ್ರೆ ಮೇಡಂ ಮಂಡಿಯೂರಿ ಕೂತು, ನೋವಾದೀತೇನೋ ಎನ್ನುವ ಹಾಗೆ ಮೆತ್ತಗೆ ಕಾಲಿನ ಕಟ್ಟು ಬಿಚ್ಚಿದರು, ಕೆಸರು ಒರೆಸಿದರು. ಅಕ್ಕ ನೋಡುತ್ತ ನಿಂತಿದ್ದಳು.

ಮನೆಗೆ ಬಂದ ಮೇಲೆ, ಆ ಹೆಂಗಸಿನ ಅಂಗಡಿಯ ಗಾಜು ಪುಡಿಪುಡಿ ಮಾಡಿ ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿಕೊಂಡ ನನ್ನನ್ನು ಅಕ್ಕ ಬಾಗಿಲಲ್ಲೇ ಅಡ್ಡಗಟ್ಟಿದಳು.

"ಎಲ್ಲಾದ್ರೂ ಬಾಯಿಬಿಟ್ಟೆ ಅಂದ್ರೆ ಜೋಕೆ. ಅವರು ನಾನು ಹೇಳಿದ್ದನ್ನೇ ಮಾಡಿದ್ದು."

"ಕಣ್ಣು ಬೇಡ್ವಾ ಅವಳಿಗೆ? ಬಾಣ ಅಂತ ತಾನೇ ಹೇಳ್ತಾಳೆ!"

"ಬಾಣ ಅಂದ್ರೆ ಏನು ಅಂತ ನಾನು ಹೇಳಿಕೊಡ್ಲಿಲ್ಲ. ಅವರಿಗೆ ಗೊತ್ತಾದ್ರೆ ಆ ಜೀವ ಉಳಿಯಲ್ಲ ಕಣೇ."

ಮಾತ್ರೆ ಮೇಡಂ ದಿನವೂ ಮನೆಗೆ ಬರತೊಡಗಿದರು. ಅಕ್ಕನ ಜ್ವರ ಎದೆಗಿಳಿದಿತ್ತು. ಹೊತ್ತುಹೊತ್ತಿಗೆ ಮಾತ್ರೆ ತಂದು, ನೀರಿನ ಲೋಟ ಹಿಡಿದು ಕಾಯುತ್ತಿದ್ದರು. ಅಕ್ಕ ಅವರ ಅಂಗೈಯಿಂದಲೇ ತೆಗೆದುಕೊಂಡು ನುಂಗುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ. ನನಗೇನು ಸಿಟ್ಟು ಎಂದು ಆ ಹೆಂಗಸಿಗೆ ಪಾಪ ತಿಳಿಯುತ್ತಿರಲಿಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಒಂದು ಸಂಜೆ ಮಾತ್ರೆ ಮೇಡಂ ಮುಖ ಅರಳಿಸಿಕೊಂಡು ಬಂದರು. "ಟೀಚರ್, ನಾವೆಲ್ಲ ಸೇರಿ ಒಂದು ಯೋಚನೆ ಮಾಡಿದೀವಿ. ನಿಮ್ಮೆಜಮಾನರ ನೆನಪಿಗೆ ಬೆಟ್ಟ ಪೂರ್ತಿ ಚೊಕ್ಕ ಮಾಡ್ತೀವಿ. ಒಂದು ಪ್ಲಾಸ್ಟಿಕ್ ಬಿಡಲ್ಲ, ಒಂದು ಕಲ್ಲು ಇನ್ನೊಂದರ ಮೇಲೆ ಇರೋಕೆ ಬಿಡಲ್ಲ. ಪ್ರತಿ ತಿಂಗಳೂ ಮಾಡೋದು. ಮೊದಲ ಸಲ ಹೊರಡೋ ಮುಂಚೆ ನೀವೊಂದು ಪಾಠ ಮಾಡ್ಬೇಕು."

ಅವರು ಹೋದ ಮೇಲೆ ಅಕ್ಕ ಬಾಗಿಲು ಹಾಕಿ ಬಂದು ಕೂತಳು. ನನಗೂ ಅರ್ಥವಾಗಿತ್ತು. ಸುಮ್ಮನಿದ್ದರೆ ನಾಳೆ ಇನ್ಯಾರೋ ಇಟ್ಟ ಗುರುತು ಹೋಗುತ್ತದೆ, ಇನ್ಯಾರದೋ ಗಂಡ ಕೂತಲ್ಲೇ ಕಾಯುತ್ತಾನೆ. ಹೇಳಿದರೆ ಮಾತ್ರೆ ಮೇಡಂಗೆ ಆ ಕ್ಷಣವೇ ಎಲ್ಲ ತಿಳಿಯುತ್ತದೆ. ಅಷ್ಟು ದಿನ ಹಲ್ಲು ಮಸೆದವಳು ನಾನೇ, "ಬೇರೆ ಏನಾದ್ರೂ ನೆಪ ಹೇಳು ಅಕ್ಕಾ" ಎಂದುಬಿಟ್ಟೆ.

"ಏನು ನೆಪ? ಕಲ್ಲು ಮುಟ್ಟಬೇಡಿ ಅಂತ ಹೇಗೆ ಹೇಳಿದ್ರೂ ಅವರಿಗೆ ಗೊತ್ತಾಗುತ್ತೆ."

"ಹಾಗಾದ್ರೆ ಅವರೊಬ್ಬರನ್ನೇ ಕರೆದು ಹೇಳು."

"ಹೋಗಿದ್ದೆ. ಎರಡು ಸಲ ಅಂಗಡಿ ಮುಂದೆ ನಿಂತು, ಕೆಮ್ಮಿನ ಔಷಧಿ ತಗೊಂಡು ವಾಪಸು ಬಂದೆ" ಎಂದು ಅಕ್ಕ ಅತ್ತಳು. ಭಾವನ ಹೆಣ ಕಂಡಾಗಲೂ ಅವಳು ನನ್ನೆದುರು ಹಾಗೆ ಅತ್ತಿರಲಿಲ್ಲ.

ಭಾನುವಾರ ನಾನೂ ಹೋದೆ, ಆ ಕೋಣೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಚೀಲ, ಕೈಗವಸು, ಕಸದ ಗೋಣಿ ಹಿಡಿದು ಎಲ್ಲ ಹೊರಟು ನಿಂತಿದ್ದರು. ಮಾತ್ರೆ ಮೇಡಂ ಮುಂದಿನ ಬೆಂಚಿನಲ್ಲಿ. ಅಕ್ಕ ಪೀಠಿಕೆ ಹಾಕಲಿಲ್ಲ. ಹಲಗೆಯ ಮೇಲೆ ಸೀಮೆಸುಣ್ಣದಿಂದ ಕಲ್ಲುಗಳನ್ನು ಬರೆದಳು, ಬಾಣದ ಹಾಗೆ.

"ಇದು ಕಂಡ್ರೆ ಮುಟ್ಟಬೇಡಿ. ಇದು ಆಟದ ಕಲ್ಲಲ್ಲ. ಒಬ್ರು ಇನ್ನೊಬ್ರಿಗೆ, ನಾನು ಈ ಕಡೆ ಹೋದೆ ಅಂತ ಹೇಳಿಟ್ಟ ಮಾತು. ಕಲ್ಲು ಎಲ್ಲಿ ಕಂಡ್ರೂ ಕೆಡವಿ ಅಂತ ನಾನು ಹೇಳಿದ್ದು ತಪ್ಪು. ಇದನ್ನ ಮೊದಲೇ ಹೇಳಿಕೊಡ್ಬೇಕಿತ್ತು, ಕೊಡ್ಲಿಲ್ಲ. ತಪ್ಪು ನಂದೇ."

ಉಳಿದವರು ತಲೆಯಾಡಿಸಿದರು. ಯಾರೋ ಫೋಟೋ ತೆಗೆದುಕೊಂಡರು. ಒಬ್ಬೊಬ್ಬರಾಗಿ ಗೋಣಿ ಹೆಗಲಿಗೇರಿಸಿ ಕೆಳಗಿಳಿದರು. ಮಾತ್ರೆ ಮೇಡಂ ಏಳಲಿಲ್ಲ. ಹಲಗೆಯನ್ನೇ ನೋಡುತ್ತಿದ್ದರು.

"ಕವಲಲ್ಲಿದ್ದದ್ದು... ಟೀಚರ್, ಅದು ಅವರಿಟ್ಟದ್ದಾ?"

"ಹೌದು. ನನಗೆ ಅಂತ ಇಟ್ಟದ್ದು."

ಮಾತ್ರೆ ಮೇಡಂ ಒಂದು ಕೈಯಿಂದ ಇನ್ನೊಂದು ಕೈಯನ್ನು ಹಿಡಿದುಕೊಂಡರು. "ಗೊತ್ತಿದ್ದೂ ದಿನಾ ನನ್ನ ಕೈಯಿಂದ ಮಾತ್ರೆ ತಗೊಂಡ್ರಾ?"

ಅಕ್ಕ ಅವರ ಪಕ್ಕ ಬೆಂಚಿನಲ್ಲಿ ಕೂತಳು. ಆಮೇಲೆ, ಬದುಕಿನಲ್ಲಿ ಯಾರ ಮುಲಾಜಿಗೂ ಸುಳ್ಳು ಹೇಳದ ನನ್ನ ಅಕ್ಕ, ಅವರು ಕೇಳದೆಯೇ ಒಂದು ಸುಳ್ಳು ಹೇಳಿದಳು. "ನೋಡಿ, ಆ ಗುರುತು ಇದ್ದಿದ್ರೂ ಏನೂ ಆಗ್ತಿರಲಿಲ್ಲ. ಬಿದ್ದ ತಕ್ಷಣ ಜೀವ ಹೋಗಿತ್ತಂತೆ. ಡಾಕ್ಟರ್ ನನಗೊಬ್ಬಳಿಗೇ ಹೇಳಿದ್ರು."

"ಕಾಲಿಗೆ ಕಟ್ಕೊಂಡಿದ್ದನ್ನ ಬಿಚ್ಚಿದ್ದು ನಾನೇ ಅಲ್ವಾ ಟೀಚರ್? ಗಂಟು ಎಷ್ಟು ಗಟ್ಟಿಯಾಗಿತ್ತು" ಎಂದರು ಮಾತ್ರೆ ಮೇಡಂ. "ನಿಜ ಹೇಳಿ. ಎಷ್ಟು ಹೊತ್ತು ಕೂತಿದ್ರು?"

ಅಕ್ಕ ನನ್ನ ಕಡೆ ನೋಡಿದಳು.

"ಎರಡು ರಾತ್ರಿ" ಎಂದಳು ಅಕ್ಕ.