ನಾನು ಬರೆದ ಕಿರುಬರು

ಕಥೆಯಲ್ಲಿ ಪ್ರಾಣಿಯಂಥ ಮನುಷ್ಯರನ್ನು, ಕೇಳಿದವರು ನಂಬುವ ಹಾಗೆ, ಕಟ್ಟುವುದು ಹೇಗೆ ಎಂದು ನನಗೆ ಕಲಿಸಿದವನು ನನ್ನ ಜೊತೆ ಮೇಷ್ಟ್ರಾಗಿದ್ದ ಒಬ್ಬ ಗೆಳೆಯ. ಅವನು ಕಲಿಸಿದ್ದನ್ನೇ ಹಿಡಿದು ನಾನು ಅವನನ್ನು ಕಳೆದುಕೊಂಡೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಮುಚ್ಚಿಟ್ಟುಕೊಂಡು ಕೇಳುವವರನ್ನು ಆಡಿಸುವ ನನ್ನ ಹಳೇ ಚಾಳಿ ಈ ವಿಷಯದಲ್ಲಾದರೂ ಬೇಡ.

ತೊಂಬತ್ತರ ದಶಕದ ನಡುವಿನ ವರ್ಷಗಳು. ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ, ಅವನು ಗಣಿತ. ನಾನು ಉಡಿಗಾಲದವನು, ಅವನು ಉಮ್ಮತ್ತೂರಿನ ಕಡೆಯವನು. ಇಬ್ಬರೂ ಚಾಮರಾಜನಗರದ ಕಡೆಯವರೇ ಎಂದು ಸೇರಿದ ದಿನವೇ ಮಾತು ಶುರುವಾಗಿ, ತಿಂಗಳೊಳಗೆ ಈರುಳ್ಳಿ ಮಂಡಿಯ ಹಿಂದೆ ಒಂದು ರೂಮು ಮಾಡಿಕೊಂಡೆವು. ಮುದ್ದೆ ಅವನು ತಿರುವುತ್ತಿದ್ದ, ಸಾರು ನಾನು ಮಾಡುತ್ತಿದ್ದೆ, ಪಾತ್ರೆ ಸರದಿ ಮೇಲೆ. ನಮ್ಮದು ಊರ ನಡುವೆ ಹೊಲ ಗದ್ದೆ ಇರುವ, ಲಿಂಗ ಕಟ್ಟಿದ ಮನೆ. ಅವನದು ಊರಾಚೆಯ ಕೇರಿ. ಒಂದೇ ತಟ್ಟೆಯಲ್ಲಿ ಕೈ ಹಾಕಿ ಉಣ್ಣುತ್ತಿದ್ದೆವು. ಅಷ್ಟಕ್ಕೇ ನಾನು ಭಾರಿ ದೊಡ್ಡ ಮನುಷ್ಯ ಎಂದುಕೊಂಡಿದ್ದೆ. ಅವನನ್ನು ಉಡಿಗಾಲಕ್ಕೆ ಒಂದು ಸಲವೂ ಕರೆದುಕೊಂಡು ಹೋಗಿರಲಿಲ್ಲ. ಬಸ್ಸು ಸರಿಯಿಲ್ಲ, ಅವ್ವನಿಗೆ ಹುಷಾರಿಲ್ಲ, ಹೀಗೆ ಏನಾದರೊಂದು ನೆಪ ಸಿಕ್ಕೇ ಸಿಗುತ್ತಿತ್ತು.

ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬ ಮಲಯಾಳಿಯ ಬೇಕರಿ ಇತ್ತು. ನಮ್ಮದೇ ವಯಸ್ಸಿನವನು, ಮಾತಿಗೆ ಮುಂಚೆ ಮೇಷ್ಟ್ರೇ ಎನ್ನಲು ‘ಮಾಷೇ’ ಎನ್ನುವವನು. ಗಲ್ಫಿನಲ್ಲಿದ್ದ ಅವನ ಅಣ್ಣ ರಜಕ್ಕೆ ಬಂದಾಗ ಒಂದು ಇಂಗ್ಲಿಷ್ ಆಟದ ಪುಸ್ತಕದ ಜೆರಾಕ್ಸ್ ತಂದುಕೊಟ್ಟಿದ್ದ. ನಡುನಡುವೆ ಎಷ್ಟೋ ಪುಟ ಇರಲೇ ಇಲ್ಲ. ಆಟ ಅಂದರೆ ಹೀಗೆ. ಒಬ್ಬ ಇಲ್ಲದ ಒಂದು ದೇಶವನ್ನು ಕಟ್ಟಿ ಹೇಳುತ್ತಾನೆ, ಉಳಿದವರು ಆ ದೇಶದ ಜನ ಆಗುತ್ತಾರೆ. ‘ನಾನು ಬಾಗಿಲು ತಟ್ಟಿದೆ’ ಎನ್ನುತ್ತಾನೆ ಒಬ್ಬ. ಬಾಗಿಲು ತೆರೆದವರು ಯಾರು, ಏನೆಂದರು ಎಂದು ಕಟ್ಟಿದವನು ಹೇಳಬೇಕು. ಗೆದ್ದರೋ ಸೋತರೋ ತೀರ್ಮಾನಿಸಲು ದಾಳ. ಪುಸ್ತಕ ಇಪ್ಪತ್ತು ಮುಖದ ದಾಳ ಕೇಳುತ್ತಿತ್ತು. ಗುಂಡ್ಲುಪೇಟೆಯಲ್ಲಿ ಅದನ್ನೆಲ್ಲಿ ಹುಡುಕುವುದು? ಚೌಕಾಬಾರಕ್ಕೆ ಮಾಡುವ ಹಾಗೆ ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬಿಳಿ ಮಾಡಿಕೊಂಡು ಎಸೆದೆವು. ಭಾನುವಾರ ಮಧ್ಯಾಹ್ನ ಬೇಕರಿಯ ಹಿಂದುಗಡೆ ಮೈದಾ ಚೀಲಗಳ ಮೇಲೆ ಕೂತು ಮೂರೇ ಜನ ಆಡುತ್ತಿದ್ದೆವು.

ದೇಶ ಕಟ್ಟುವ ಕೆಲಸ ನನ್ನದು. ಮೇಷ್ಟ್ರಿಗೆ ಕೇಳುವವರು ಸಿಕ್ಕರೆ ಬಿಡುವುದುಂಟೇ? ಪುಸ್ತಕದಲ್ಲಿದ್ದ ಚೂಪು ಕಿವಿಯ ಮಂದಿ, ಉದ್ದ ಗಡ್ಡದ ಕುಳ್ಳರು ನಮಗೆ ಹಿಡಿಸಲಿಲ್ಲ. ಬಂಡೀಪುರದ ಕಾಡನ್ನು ಪಕ್ಕದಲ್ಲೇ ಇಟ್ಟುಕೊಂಡು ಅವರನ್ನು ಯಾಕೆ ಸಾಕಬೇಕು ಎಂದು ನಾನು ಉಡದ ಕುಲವೊಂದನ್ನು ಬರೆದೆ. ಉಡದ ತಲೆ, ಉಡದ ಚರ್ಮ, ಕೈಯಲ್ಲಿ ಕತ್ತಿ. ಓದಿ ಹೇಳಿದ ಕೂಡಲೇ ಗೆಳೆಯ ಬಿದ್ದು ಬಿದ್ದು ನಕ್ಕ.

“ಇದೇನ್ಲಾ, ತಲೆ ಮಾತ್ರ ಉಡ, ಉಳ್ದುದ್ದೆಲ್ಲ ನಮ್ ಹೆಡ್‌ಮೇಷ್ಟ್ರು! ವೇಸ ಕಟ್ಟವ್ನೆ ಅಷ್ಟೇಯ. ಪ್ರಾಣಿ ಅಂದ್ರೆ ಬಾಲ ಅಲ್ಲ ಕಣ್ಲಾ, ಒಟ್ಟೆ. ಉಡುಕ್ಕೆ ಬೆಳಿಗ್ಗೆ ಮೈ ಬಿಸಿ ಆಗ್ದೆ ಕಾಲೇ ಆಡಕಿಲ್ಲ. ಅಂಗಾರೆ ಅವ್ರ ಊರಲ್ಲಿ ಕೋರ್ಟು ಎಷ್ಟೊತ್ಗೆ? ಮೋಡ ಮುಚ್ಚಿದ್ ದಿನ ಮದ್ವೆ ಮಾಡ್ತಾರಾ? ಮೊಟ್ಟೆ ಎಲ್ಲಾ ಒಂದೇ ಕಿತ ಒಡುದ್ರೆ ಅಣ್ಣ ಯಾರು, ತಮ್ಮ ಯಾರು, ಜಮೀನು ಯಾರ್ಗೆ?”

ನನಗೆ ಮುಖ ಚಿಕ್ಕದಾಯಿತು, ಆದರೆ ಪ್ರಶ್ನೆಗಳು ಬಿಡಲಿಲ್ಲ. ಮೂರು ವಾರ ಅದೇ ಗುಂಗು. ಶಾಲೆಯ ಹಿಂದಿನ ಬಂಡೆಯ ಮೇಲೆ ಉಡ ಬಂದರೆ ಹೋಗಿ ನೋಡುತ್ತಾ ನಿಲ್ಲುತ್ತಿದ್ದೆ. ಕೊನೆಗೆ ಉಡದವರು ನಮ್ಮ ಕಣ್ಣ ಮುಂದೆ ಓಡಾಡತೊಡಗಿದರು. ಬಿಸಿಲು ಏರುವ ಮೊದಲು ಮಾತಾಡುವುದು ಅವರಲ್ಲಿ ಒರಟುತನ. ಮೋಡದ ದಿನ ಕೊಟ್ಟ ಮಾತು ಮಾತಲ್ಲ, ಯಾಕೆಂದರೆ ಆ ದಿನ ಯಾರಿಗೂ ಪೂರ್ತಿ ಎಚ್ಚರ ಇರುವುದಿಲ್ಲ. ಎದುರಾದವರು ನಾಲಿಗೆ ಚಾಚಿ ಗಾಳಿಯಲ್ಲಿ ಒಬ್ಬರನ್ನೊಬ್ಬರು ಗುರುತಿಸುತ್ತಾರೆ, ಚಾಚಿದ್ದನ್ನು ಬೇಗ ಒಳಗೆಳೆದುಕೊಂಡರೆ ಅವಮಾನ. ಬೇಕರಿಯವನು ಇದನ್ನು ಅಭ್ಯಾಸ ಮಾಡಲು ಹೋಗಿ, ಬನ್ನು ಕೊಳ್ಳಲು ಬಂದ ಹೆಂಗಸೊಬ್ಬರಿಂದ ಚೆನ್ನಾಗಿ ಬೈಸಿಕೊಂಡ. ಗೆಳೆಯ ಉಡದ ಮುದುಕನೊಬ್ಬನಾಗಿ ವರ್ಷವಿಡೀ ಆಡಿದ. ಮಳೆಗಾಲ ಬಂತೆಂದರೆ ಆ ಮುದುಕನಿಗೆ ಆಗುತ್ತಿದ್ದ ಹೆದರಿಕೆಯನ್ನು ಅವನು ಎಷ್ಟು ಚೆನ್ನಾಗಿ ಆಡುತ್ತಿದ್ದನೆಂದರೆ, ನಾವೂ ಮೋಡ ನೋಡಿದರೆ ಬೆಚ್ಚುತ್ತಿದ್ದೆವು. ಆ ಒಂದು ವರ್ಷ ನನ್ನ ಬದುಕಿನ ಒಳ್ಳೆಯ ವರ್ಷ.

ಒಂದು ಭಾನುವಾರ ಬೀಜಗಳೆಲ್ಲ ಕಪ್ಪಾಗಿ ಬಿದ್ದು ಆ ಮುದುಕ ಸತ್ತ. ಗೆಳೆಯನಿಗೆ ಆಡಲು ಹೊಸ ಆಳು ಬೇಕಿತ್ತು. ನಾನು ಕತ್ತೆಕಿರುಬದ ಕುಲ ಬರೆಯಲು ಕೂತೆ.

ಉಡಕ್ಕೆ ಮೂರು ವಾರ ಹಿಡಿದಿತ್ತು, ಕಿರುಬಕ್ಕೆ ಒಂದೇ ಸಂಜೆ ಸಾಕಾಯಿತು. ಪೆನ್ನು ತಾನೇ ಓಡಿತು. ಕಿರುಬ ಸತ್ತದ್ದನ್ನು ತಿನ್ನುವ ಪ್ರಾಣಿ, ಹಾಗಾಗಿ ಉಡದ ಊರುಗಳಲ್ಲಿ ಸತ್ತ ದನ ಎಳೆಯುವ ಕೆಲಸ ಅವರದು. ಊರಿಗೆ ವಾಸನೆ ತಾಗದ ದಿಕ್ಕಿನಲ್ಲಿ ಅವರ ಗುಡಿಸಲು. ಊರ ಬೀದಿ ದಾಟುವಾಗ ಚಪ್ಪಲಿ ಕಂಕುಳಲ್ಲಿ, ಯಾಕೆಂದರೆ ಹೆಜ್ಜೆಯ ಸದ್ದಿಗೆ ಉಡಗಳು ಬೆದರುತ್ತವೆ. ಮನೆಯ ಹಿತ್ತಿಲಲ್ಲಿ ನಿಂತು ಕೆಮ್ಮಿ ಕರೆಯುತ್ತಾರೆ, ಯಾಕೆಂದರೆ ಅವರದು ಒಡೆದ ಗಂಟಲು. ನೀರನ್ನು ಬೊಗಸೆಯಲ್ಲಿ ಮೇಲಿನಿಂದ ಹೊಯ್ಸಿಕೊಂಡು ಕುಡಿಯುತ್ತಾರೆ, ಯಾಕೆಂದರೆ ಅವರ ದವಡೆಗೆ ಲೋಟ ಹಿಡಿಸುವುದಿಲ್ಲ. ಮಾತಾಡುವಾಗ ಬಾಯಿಗೆ ಕೈ ಅಡ್ಡ, ಯಾಕೆಂದರೆ ಹಲ್ಲು ಕಂಡರೆ ಎದುರಿನವರು ಹೆದರುತ್ತಾರೆ. ವಿಜ್ಞಾನದ ಮೇಷ್ಟ್ರಲ್ಲವೇ, ಒಂದೊಂದಕ್ಕೂ ಒಂದೊಂದು ಕಾರಣ ಕೊಟ್ಟಿದ್ದೆ.

ಇದೆಲ್ಲ ಎಲ್ಲಿಂದ ಬರುತ್ತಿದೆ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಹೀಗೆಂದರೆ ಜನ ನಂಬುವುದಿಲ್ಲ. ನಾನೇ ಅರ್ಧ ನಂಬುವುದಿಲ್ಲ.

ಮುಂದಿನ ಭಾನುವಾರ ಆ ಹಾಳೆಯನ್ನು ಗೆಳೆಯನ ಕೈಗೆ ಕೊಟ್ಟೆ. ಬೇಕರಿಯವನು ಅವನ ಹೆಗಲ ಮೇಲಿಂದ ಬಗ್ಗಿದ. ಕನ್ನಡ ಓದಲು ಬಾರದ ಅವನಿಗೆ ನಾನೇ ಗಟ್ಟಿಯಾಗಿ ಹೇಳಿದೆ. “ಮಾಷೇ, ಇದು ಸತ್ಯ ಇದ್ದ ಹಾಗೇ ಉಂಟು! ಉಡಕ್ಕಿಂತ ಚೆಂದ!” ಎಂದ. ನಾನು ಉಬ್ಬಿ ಹೋದೆ. ಗೆಳೆಯ ಎರಡು ಸಲ ಓದಿದ.

“ಇವನೇ ನಿನ್ ಹೊಸ ಆಳು. ನಿಂಗೆ ಚೆನ್ನಾಗಿ ಒಪ್ತದೆ ಕಣ್ಲಾ” ಎಂದೆ. ಅವನು ಆಡುವುದರಲ್ಲಿ ಜಾಣ ಎಂಬ ಅರ್ಥದಲ್ಲೇ ಹೇಳಿದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಟ ಶುರು ಮಾಡಿದೆ. ಉಡದ ಯಜಮಾನನ ಕೊಟ್ಟಿಗೆಯಲ್ಲಿ ಒಂದು ಹಸು ಸತ್ತಿದೆ, ನಿನಗೆ ಹೇಳಿಕಳಿಸಿದ್ದಾರೆ, ಏನು ಮಾಡುತ್ತೀಯ? ಎಂದು ಕೇಳಿದೆ. ಮಾಮೂಲಾಗಿ ನಾವು ಕೂತಲ್ಲೇ ಹೇಳುತ್ತಿದ್ದೆವು, ಎದ್ದು ಆಡುತ್ತಿರಲಿಲ್ಲ. ಅವತ್ತು ಅವನು ಎದ್ದ. ಚಪ್ಪಲಿ ಬಿಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡ. ಬೇಕರಿಯ ಹಿಂಬಾಗಿಲು ದಾಟಿ, ಆಚೆ ಬಿಸಿಲಲ್ಲಿ, ಹೊಸಿಲಿನಿಂದ ನಾಲ್ಕು ಹೆಜ್ಜೆ ದೂರ ನಿಂತ. ಬೆನ್ನು ಸ್ವಲ್ಪ ಬಗ್ಗಿತು.

“ಅವ್ವಾ, ಬಂದಿವ್ನಿ. ಒಸಿ ನೀರು” ಎಂದು ಬೊಗಸೆಯನ್ನು ಬಾಯಿಗೆ ಹಿಡಿದ. ದನಿ ಅವನದಾಗಿರಲಿಲ್ಲ.

ಯಜಮಾನನ ಹೆಂಡತಿಯಾಗಿ ಆಡಬೇಕಾದವನು ನಾನು. ಹುರುಪಿನಲ್ಲಿ ಮೇಜಿನ ಮೇಲಿದ್ದ ನೀರಿನ ಜಗ್ಗು ಎತ್ತಿಕೊಂಡು ಹೋಗಿ ಹೊಯ್ದೆ. ಕೈ ಎಷ್ಟು ಎತ್ತರಕ್ಕೆ ಹೋಗಬೇಕೆಂದು ಯೋಚಿಸಲಿಲ್ಲ. ಕೈಗೇ ಗೊತ್ತಿತ್ತು. ಒಂದು ಹನಿಯೂ ಹಿಂದಕ್ಕೆ ಸಿಡಿಯದಷ್ಟು ಎತ್ತರ, ನಮ್ಮವ್ವ ಹಿತ್ತಿಲಲ್ಲಿ ಹಿಡಿಯುತ್ತಿದ್ದ ಎತ್ತರ. ಅರ್ಧ ಹೊಯ್ದ ಮೇಲೆ ನನಗೆ ಅದು ತಿಳಿಯಿತು. ತಿಳಿದ ಮೇಲೆ ನಿಲ್ಲಿಸಲೂ ಆಗಲಿಲ್ಲ, ಇಳಿಸಲೂ ಆಗಲಿಲ್ಲ. ಹಿಂದೆ ಬೇಕರಿಯವನು ಚಪ್ಪಾಳೆ ತಟ್ಟುತ್ತಿದ್ದ.

ಅವನು ಪೂರ್ತಿ ಕುಡಿದು, ಮುಂಗೈಯಿಂದ ಬಾಯಿ ಒರೆಸಿಕೊಂಡು, ತನ್ನದೇ ದನಿಯಲ್ಲಿ ಹೇಳಿದ. “ಎಲ್ಲ ಸರ್ಯಾಗೇ ಬರ್ದಿದ್ದೀಯ. ಕೆಮ್ಮದೊಂದು ತಪ್ಪು. ನಮ್ಮವ್ವ ಕೆಮ್ತಿರ್ನಿಲ್ಲ, ಬಳೆ ಆಡುಸ್ತಿದ್ಲು.”

ಚಪ್ಪಲಿ ಕೆಳಗಿಟ್ಟು ಮೆಟ್ಟಿಕೊಂಡು ಹೊರಟುಹೋದ. ಆಟ ಯಾಕೆ ನಿಂತಿತು ಎಂದು ಬೇಕರಿಯವನು ಕೇಳುತ್ತಲೇ ಇದ್ದ. ನಾನು ಖಾಲಿ ಜಗ್ಗು ಹಿಡಿದುಕೊಂಡು ಏನೇನೋ ಹೇಳಿದೆ.

ರೂಮಿಗೆ ಹೋದಾಗ ಅವನು ಮುದ್ದೆಗೆ ಎಸರು ಇಟ್ಟಿದ್ದ. ಇಬ್ಬರಿಗೂ ಇಟ್ಟಿದ್ದ. ಅದು ನೋಡಿ ನನಗೆ ಧೈರ್ಯ ಬಂತು.

“ಬೇಕು ಅಂತ ಬರೀಲಿಲ್ಲ ಕಣ್ಲಾ” ಎಂದೆ.

“ಗೊತ್ತು. ಬೇಕು ಅಂತ ಬರ್ದಿದ್ರೆ ಜಗಳಾನಾರ ಆಡ್ಬೋದಿತ್ತು.”

“ಒಂದೇ ತಟ್ಟೇಲಿ ಉಂಡಿದ್ದೀವಿ.”

“ಉಂಡಿದ್ದೀವಿ. ಇಲ್ಲಿ” ಎಂದ. ಉಡಿಗಾಲದ ಮಾತು ಅವನು ಎತ್ತಲಿಲ್ಲ. ಎತ್ತುವ ಅಗತ್ಯ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಹೇಗೂ ನಾನೇ ಅಲ್ಲಿ ಕೂತಿದ್ದೆ.

ಒಲೆಯ ಕಡೆಗೇ ಮುಖ ಮಾಡಿಕೊಂಡು ಅವನು ಮತ್ತೆ ಮಾತಾಡಿದ. “ಉಡುಕ್ಕೆ ಆಸೆ ಕೊಟ್ರಿ ಮೇಷ್ಟ್ರೆ. ಅದುಕ್ಕೆ ಬಿಸ್ಲು ಬೇಕಿತ್ತು, ಮಳೆ ಬ್ಯಾಡ್ದಾಗಿತ್ತು. ಕಿರುಬ ಎಲ್ ನಿಂತ್ಕತ್ತದೆ, ಎಂಗ್ ಕುಡೀತದೆ, ಎಲ್ಲ ಬರುದ್ರಿ. ಅದುಕ್ಕೆ ಏನ್ ಬೇಕು ಅಂತ ಒಂದ್ ಸಾಲೂ ಇಲ್ಲ.”

ಅವನು ನನ್ನನ್ನು ಮೇಷ್ಟ್ರೆ ಎಂದದ್ದು, ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಕೆನ್ನೆಗೆ ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಬರೆದು ತೋರಿಸುತ್ತೇನೆ ಎಂದು ನಾನು ಹಟಕ್ಕೆ ಬಿದ್ದೆ. ಬರೆದರೆ ಅವನು ಮೊದಲಿನ ಹಾಗಾಗುತ್ತಾನೆ ಎಂಬ ನಂಬಿಕೆ. ವಾರವಿಡೀ ಹಾಳೆ ಮುಂದಿಟ್ಟುಕೊಂಡು ಕೂತೆ. ಕಿರುಬನಿಗೆ ಊಟ ಬೇಕು ಎಂದು ಬರೆದು ಹೊಡೆದುಹಾಕಿದೆ. ಮರ್ಯಾದೆ ಬೇಕು ಎಂದು ಬರೆದೆ, ಅದು ನಾನೇ ಶಾಲೆಯಲ್ಲಿ ಮಾಡುವ ಭಾಷಣದ ಹಾಗೆ ಕೇಳಿಸಿತು. ಬಂಡೆಯ ಮೇಲಿನ ಉಡಕ್ಕೆ ಏನು ಬೇಕೆಂದು ಕಂಡುಕೊಂಡಿದ್ದ ಮನುಷ್ಯನಿಗೆ ಇದು ಗೊತ್ತಿಲ್ಲ. ಕೊನೆಗೆ ಶನಿವಾರ ಬೆಳಗಿನ ಶಾಲೆ ಮುಗಿಸಿ ಚಾಮರಾಜನಗರದ ಬಸ್ಸು ಹತ್ತಿ ಊರಿಗೆ ಹೋದೆ. ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ಕೊಟ್ಟಿಗೆ ಬಾಚಲು ಕೇರಿಯಿಂದ ಬರುತ್ತಿದ್ದ ಹೆಂಗಸೊಬ್ಬಳಿದ್ದಳು. ಅವಳನ್ನೇ ಕೇಳುವುದೆಂದು ತೀರ್ಮಾನ ಮಾಡಿದ್ದೆ.

ಭಾನುವಾರ ಬೆಳಿಗ್ಗೆ ಅವಳು ಸಗಣಿ ಬಾಚಿ ಮುಗಿಸಿ ಹುಲ್ಲಿನ ಮೆದೆಯ ಪಕ್ಕ ನಿಂತಿದ್ದಳು. ನಾನು ಹಿತ್ತಿಲಿಗೆ ಇಳಿದೆ. ಅವಳು ಸೆರಗು ಸರಿಮಾಡಿಕೊಂಡು ಹಿಂದೆ ಸರಿದಳು.

“ನಿಂಗೆ ಏನ್ ಬೇಕು?” ಎಂದೆ. ಬೇರೆ ಹೇಗೆ ಕೇಳಬೇಕೆಂದು ತಿಳಿಯಲಿಲ್ಲ.

ಅವಳು ಅಡಿಗೆಮನೆಯ ಬಾಗಿಲ ಕಡೆ ನೋಡಿದಳು. “ನಾನೇನ್ ತಪ್ ಮಾಡ್ದಿ ಬುದ್ಧಿ?”

“ತಪ್ಪೇನಿಲ್ಲ. ಮನ್ಸಲ್ಲಿ ಏನ್ ಆಸೆ ಅದೆ ಅಂತ ಸುಮ್ನೆ ಕೇಳ್ದೆ.”

“ಏನೂ ತಕ್ಕಂಡಿಲ್ಲ ಬುದ್ಧಿ. ಬೇಕಾರೆ ನೋಡ್ಕಳಿ” ಎಂದು ಅವಳು ಸೆರಗಿನ ಗಂಟು ಬಿಚ್ಚತೊಡಗಿದಳು. ಗಂಟಿನಲ್ಲಿ ಒಂದು ಅಡಿಕೆ ಚೂರು, ಒಂದಿಷ್ಟು ಹೊಗೆಸೊಪ್ಪು. ಅದನ್ನು ಅಂಗೈಯಲ್ಲಿ ಹರಡಿ ನನಗೆ ತೋರಿಸಿದಳು.

“ಯಾಕ್ಲಾ ಅವಳ್ನ ಗೋಳು ಉಯ್ಕತೀಯ?” ಎಂದು ಅವ್ವ ಒಳಗಿನಿಂದ ಕೂಗಿದಳು. ಹೋಗು ಎಂದೆ. ಆಕೆ ಗಂಟು ಕಟ್ಟಿಕೊಳ್ಳದೆ, ಅಡಿಕೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಿರಬಿರನೆ ಹೋದಳು. ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ಅವಳ ಮೇಲೆ ಕೂಡ ಬಂತು. ಇಷ್ಟು ಬರೆದ ಮೇಲೆ ಅದನ್ನೊಂದು ಯಾಕೆ ಮುಚ್ಚಿಡಲಿ.

ಸೋಮವಾರ ಮೊದಲ ಗಂಟೆಗೆ ಮುಂಚೆ ಸ್ಟಾಫ್ ರೂಮಿನಲ್ಲಿ ಗೆಳೆಯನೊಬ್ಬನೇ ಇದ್ದ. ನಡೆದದ್ದೆಲ್ಲವನ್ನೂ ಹೇಳಿದೆ. ಅವಳು ಗಂಟು ಬಿಚ್ಚಿದ್ದು, ಅಡಿಕೆ ಚೂರು, ಅವ್ವನ ಮಾತು, ನನಗೆ ಬಂದ ಸಿಟ್ಟು, ಯಾವುದನ್ನೂ ಬಿಡಲಿಲ್ಲ. ಕೇಳುತ್ತಾ ಕೇಳುತ್ತಾ ಅವನ ಮುಖ ಮೆತ್ತಗಾದ ಹಾಗೆ ಕಂಡಿತು. ಈಗ ‘ಬುಡ್ಲಾ, ಆದದ್ದಾಯ್ತು’ ಎನ್ನುತ್ತಾನೆ ಎಂದು ಕಾದೆ. ನಿಜಕ್ಕೂ ಕಾದೆ.

“ಅವಳ ಹೆಸ್ರು ಏನಂತೆ ಮೇಷ್ಟ್ರೆ?” ಎಂದ.

ನಮ್ಮ ಮನೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ, ಹಿಂದಿನ ದಿನ ಹಿತ್ತಿಲಲ್ಲಿ ನಾನೂ ಕೇಳಿರಲಿಲ್ಲ. ಗೊತ್ತಿಲ್ಲ ಎಂದೆ. ಅವನು ತಲೆಯಾಡಿಸಿ, ಎರಡು ಸೀಮೆಸುಣ್ಣ ತೆಗೆದುಕೊಂಡು ಹತ್ತನೇ ತರಗತಿಗೆ ಹೋದ. ಸಂಜೆ ನಾನು ರೂಮಿಗೆ ಬಂದಾಗ ಅವನ ಟ್ರಂಕು ಅಲ್ಲಿರಲಿಲ್ಲ.