ವಿಶೇಷ ಕೋರಿಕೆ

ಜಪಸರದ ತಿಂಗಳಲ್ಲಿ ನಮ್ಮ ಕಡೆ ಮಾತೆಯ ಪ್ರತಿಮೆ ಮನೆಯಿಂದ ಮನೆಗೆ ಬರುತ್ತದೆ. ಸಂಜೆ ಬೀದಿಯ ಕ್ರೈಸ್ತರೆಲ್ಲ ಆ ಮನೆಯಲ್ಲಿ ಸೇರಿ ಮಣಿ ಎಣಿಸುತ್ತ ಜಪಸರ ಹೇಳುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಕೋರಿಕೆಯನ್ನು ಗಟ್ಟಿಯಾಗಿ ಹೇಳಬೇಕು, ಉಳಿದವರು ದನಿಗೂಡಿಸಬೇಕು. ಕೊನೆಗೆ ಕಡಲೆಕಾಳಿನ ಉಸಲಿ, ಟೀ. ಮಗನ ಪರೀಕ್ಷೆ, ಗಂಡನ ಕುಡಿತ, ಸೊಸೆಯ ಬಸಿರು ಎಲ್ಲವೂ ಅಲ್ಲಿ ಬರುತ್ತವೆ. ಬಿಡಿಸಿ ಹೇಳಲು ಮನಸ್ಸಿಲ್ಲದವರು ‘ಒಂದು ವಿಶೇಷ ಕೋರಿಕೆಗಾಗಿ’ ಎಂದಷ್ಟೇ ಹೇಳಿ ತಲೆ ತಗ್ಗಿಸುತ್ತಾರೆ. ಪ್ರಾರ್ಥನೆ ಮಾಡಿ, ಏನು ಎತ್ತ ಕೇಳಬೇಡಿ ಎಂದು ಅದರ ಅರ್ಥ. ಕೊಳ್ಳೇಗಾಲದ ನಮ್ಮ ಬೀದಿಯ ಎಂಥ ಬಾಯಿಬಡುಕರೂ ಈ ಒಂದು ಮರ್ಯಾದೆ ಮೀರುವುದಿಲ್ಲ ಎಂದು ನಾನು ನಂಬಿದ್ದೆ.

ಒಂದು ವರ್ಷ ಅದೇ ತಿಂಗಳಲ್ಲಿ ನನ್ನ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ಮೈಸೂರಿನ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದುಕೊಂಡು, ರಿಪೋರ್ಟ್ ಬರಲು ವಾರದ ಮೇಲಾಗುತ್ತದೆ ಎಂದು ಕಳಿಸಿದರು. ನಾನು ಹನೂರಿನ ಶಾಲೆಯೊಂದರಲ್ಲಿ ಟೀಚರು. ಪಾಠದ ನಡುವೆ ಬಚ್ಚಲಿಗೆ ಹೋಗಿ, ಗಂಟು ಇದೆಯಾ ಎಂದು ಮುಟ್ಟಿ ನೋಡುತ್ತಿದ್ದೆ. ಎಲ್ಲಿಗೆ ಹೋದೀತು, ಅಲ್ಲೇ ಇರುತ್ತಿತ್ತು.

ನನ್ನ ಅಕ್ಕ ಹೀಗೇ ಎದೆಯಲ್ಲಿ ಗಂಟಾಗಿ, ಕ್ಯಾನ್ಸರಿನಿಂದ ತೀರಿಕೊಂಡವಳು. ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಅವ್ವ ತಿಂಗಳುಗಟ್ಟಲೆ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಮದುವೆಯ ಗೋಜಿಗೆ ಹೋಗದ ನನಗೆ ಮನೆ ಎಂದರೆ ಅವ್ವ. ರಿಪೋರ್ಟ್ ಬರುವವರೆಗೆ ಅವಳಿಗೆ ಇದು ತಿಳಿಯಬಾರದು, ನನಗೆ ಬೇಕಿದ್ದದ್ದು ಅಷ್ಟೇ.

ಆದರೂ ಒಬ್ಬಳೇ ಹೊತ್ತುಕೊಂಡು ಸಾಕಾಯಿತು. ಒಬ್ಬ ಗೆಳತಿಗೆ ಹೇಳಿದೆ. ಯಳಂದೂರಿನವಳು, ಹಾಸ್ಟೆಲಿನಲ್ಲಿ ನನ್ನ ಪಕ್ಕದಲ್ಲೇ ಮಲಗಿ ಬೆಳೆದವಳು, ಮದುವೆಯಾಗಿ ನಮ್ಮ ಬೀದಿಗೇ ಬಂದವಳು. ನಮ್ಮಲ್ಲಿ ಜಪಸರ ನಡೆಸಿಕೊಡುವವಳೂ ಅವಳೇ. ಅವ್ವನ ಕಿವಿಗೆ ಬೀಳಬಾರದು, ವಿಶೇಷ ಕೋರಿಕೆ ಎಂದರೆ ಸಾಕು ಎಂದೆ. ಕೊರಳಿನ ಶಿಲುಬೆಯನ್ನು ಹಿಡಿದು ಆಣೆ ಮಾಡಿದಳು. ಕಣ್ಣೀರನ್ನೂ ಹಾಕಿದಳು.

ಪ್ರತಿಮೆ ನಮ್ಮ ಮನೆಗೆ ಬಂದ ದಿನ ಅವ್ವ ಬೆಳಗಿನಿಂದಲೇ ಸಡಗರದಲ್ಲಿದ್ದಳು. ಸೇವಂತಿಗೆ ಹಾರ ತರಿಸಿ, ಕಾಳು ಬೇಯಿಸಿ, ಪಡಸಾಲೆಗೆ ಚಾಪೆ ಹಾಸಿದ್ದಳು. ಜಪಸರ ಮುಗಿದು ಕೋರಿಕೆಗಳು ಶುರುವಾದಾಗ ಗೆಳತಿ ಕಣ್ಣು ಮುಚ್ಚಿದಳು. ಈ ಮನೆಯ ನಮ್ಮ ಸಹೋದರಿಯ ಎದೆಯಲ್ಲೊಂದು ಗಂಟು ಎದ್ದಿದೆ, ಅವಳ ಅಕ್ಕನಿಗಾದಂತೆ ಇವಳಿಗೆ ಆಗದಿರಲಿ ಎಂದು ಪ್ರಾರ್ಥಿಸೋಣ ಎಂದಳು. ನನ್ನ ಹೆಸರನ್ನೂ ಸೇರಿಸಿದಳು. ಜನ ರೂಢಿಯಂತೆ ‘ಪ್ರಭುವೇ ಆಲಿಸಿರಿ’ ಎಂದುಬಿಟ್ಟರು. ಹೇಳಿಯಾದ ಮೇಲೆ ಅರ್ಥವಾಗಿ ಒಬ್ಬೊಬ್ಬರೇ ನನ್ನತ್ತ ತಿರುಗಿದರು. ಅವ್ವನ ಬೆರಳು ಮಣಿಯ ಮೇಲೆ ನಿಂತುಹೋಗಿತ್ತು. ಬಂದವರಿಗೆ ಉಸಲಿ ಕೊಡಲೂ ಅವಳು ಏಳಲಿಲ್ಲ.

ಎಲ್ಲರೂ ಹೋದ ಮೇಲೆ ಜಗುಲಿಯಲ್ಲಿ ಗೆಳತಿಯನ್ನು ತಡೆದು ಕೇಳಿದೆ. ಅವಳ ಮುಖದಲ್ಲಿ ತಪ್ಪು ಮಾಡಿದ ಸುಳಿವೇ ಇರಲಿಲ್ಲ.

"ನಿಂಗೋಸ್ಕರಾನೇ ಕಣೇ. ಒಬ್ರು ಕೇಳೋದ್ಕಿಂತ ಎಲ್ರೂ ಎಸ್ರು ಇಡ್ದು ಕೇಳುದ್ರೆ ದೇವ್ರು ಬೇಗ ಕೇಳ್ತಾನೆ."

"ದೇವ್ರಿಗೆ ಕೇಳಿಸ್ಬೇಕು ಅಂತ ನಮ್ಮವ್ವನ್ಗೂ ಕೇಳಿಸ್ಬೇಕಿತ್ತಾ?" ಎಂದೆ.

ಚಪ್ಪಲಿ ಮೆಟ್ಟಿ ಹೋದಳು. ಮರುದಿನದಿಂದ ಬೀದಿಯೇ ನಮ್ಮ ಮನೆಗೆ ಬಂತು. ತೈಲ, ತೀರ್ಥ, ಯಾವುದೋ ಪುಣ್ಯಕ್ಷೇತ್ರದ ಮಣ್ಣು. ಕೊಟ್ಟು ಸುಮ್ಮನೆ ಹೋದರೆ ಬೇರೆ ಮಾತು. ಹೀಗೇ ಗಂಟಾಗಿ ಸತ್ತ ತಮ್ಮ ನಾದಿನಿಯ ಕಥೆಯನ್ನು ಹೇಳಿ, ಟೀ ಕುಡಿದು ಹೋಗುತ್ತಿದ್ದರು. ಗೋಡೆಯಾಚೆಯ ಮನೆಯಾಕೆ ಬೆಳಿಗ್ಗೆ ಎದ್ದು ವಿಭೂತಿ ಇಡುವವರು, ಹೊಲಗದ್ದೆಯ ಜನ. ಮೈಸೂರಿನ ಆ ಆಸ್ಪತ್ರೆಯಲ್ಲಿ, ಕ್ಯಾನ್ಸರ್ ವಿಭಾಗದ ಬಾಗಿಲಿನ ಮುಂದೆಯೇ ನನ್ನನ್ನು ಕಂಡಿದ್ದರು. ತಿಂಡಿ ಆಯಿತಾ ಎಂದಷ್ಟೇ ಕೇಳಿದ್ದವರು ಆಮೇಲೆ ಯಾರ ಹತ್ತಿರವೂ ತುಟಿ ಬಿಚ್ಚಿರಲಿಲ್ಲ. ನನ್ನ ಗುಟ್ಟು ಅವರಲ್ಲಿ ಉಳಿದಿತ್ತು. ಹೋಗಿ ಹೋಗಿ ನನ್ನ ಪಕ್ಕ ಮೊಣಕಾಲೂರುವವಳಲ್ಲೇ ಉಳಿಯಲಿಲ್ಲ. ನನ್ನ ಹೊಟ್ಟೆ ಉರಿದದ್ದು ಅದಕ್ಕೆ.

ಅವ್ವ ಊಟ ಬಿಟ್ಟಳು. ಮಾತೆಯ ಪಟದ ಕಡೆಗೂ ನೋಡಲಿಲ್ಲ. ನಾನು ಅಂದುಕೊಂಡಂತೆಯೇ ಆಯಿತಲ್ಲ ಎಂದು ನನಗೆ ಭಯ. ಒಂದು ಬೆಳಿಗ್ಗೆ ಶಾಲೆಗೆ ಹೊರಟರೆ ಬಾಗಿಲಿಗೆ ಅಡ್ಡವಾಗಿ ಕೂತಿದ್ದಳು. ಅವಳು ಪಾಲಾರ್ ಕಡೆಯವಳು, ಮುದ್ದು ಬಂದಾಗ ನನ್ನನ್ನು ಕರೆಯುವುದು ತಮಿಳಿನಲ್ಲೇ.

"ನಂಗ್ಯಾಕ್ ಏಳ್ಲಿಲ್ಲ ಕಣ್ಣು?"

ನೀನು ತಡೆದುಕೊಳ್ಳುವುದಿಲ್ಲ ಎಂದು, ಅಂದೆ.

"ನಿಮ್ಮಕ್ಕನೂ ಇಂಗೇ ಮುಚ್ಚಿಟ್ಲು. ಅಷ್ಟು ದಿನ ಒಬ್ಳೇ ಎದ್ರುಕೊಂಡಿದ್ಲಲ್ಲಾ, ಪಕ್ಕದಲ್ಲೇ ಇದ್ದು ನಂಗೆ ಗೊತ್ತಾಗ್ಲಿಲ್ವಲ್ಲಾ ಅಂತ ನಾನು ಗೋಡೆ ನೋಡ್ಕಂಡು ಮನಗಿದ್ದು."

ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೂ ನನಗೆ ಇದು ಗೊತ್ತಿರಲಿಲ್ಲ. ಶಾಲೆಗೆ ಹೋಗಲಿಲ್ಲ. ಅವ್ವ ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ತನ್ನ ತವರಿನ ತಮಿಳಿನಲ್ಲಿ ಜಪಸರ ಹೇಳತೊಡಗಿದಳು. ಮಗಳನ್ನು ಕಾಪಾಡು ಎಂದು ಕೇಳಲೇ ಇಲ್ಲ, ಇವಳ ಜೊತೆ ಇರು ತಾಯೇ ಎಂದಷ್ಟೇ ಕೇಳಿದಳು. ಒಂದೊಂದು ಮಣಿ ಜಾರಿದಂತೆ ನನ್ನ ಎದೆಬಡಿತ ತಗ್ಗಿತು. ರಿಪೋರ್ಟ್ ಏನೇ ಬರಲಿ, ದೇವರು ಮತ್ತು ಅವ್ವ ಇಬ್ಬರಿಗೂ ಗೊತ್ತಿದೆ ಎನ್ನಿಸಿತು. ಎಷ್ಟೋ ದಿನಗಳ ಮೇಲೆ ನಿದ್ದೆ ಬಂತು. ಆ ನೆಮ್ಮದಿ ನಿಜ. ಅದಕ್ಕೆ ದಾರಿ ಮಾಡಿದ್ದು ಗೆಳತಿಯ ಮಾತು ತಪ್ಪಿದ ಬಾಯಿ ಎಂಬುದೂ ನಿಜ. ಅದನ್ನು ನೆನೆದರೆ ಇವತ್ತಿಗೂ ಸಿಟ್ಟೇ ಬರುತ್ತದೆ.

ಗಂಟು ಬರೀ ಕೊಬ್ಬಿನದು ಎಂದು ರಿಪೋರ್ಟ್ ಬಂತು, ಬೀದಿಗೂ ತಿಳಿಯಿತು. ಭಾನುವಾರ ಚರ್ಚಿನ ಪೂಜೆಯಲ್ಲಿ ಗೆಳತಿ ನನ್ನನ್ನು ಒಂದು ಮಾತೂ ಕೇಳದೆ ಎದ್ದು ನಿಂತು, ನಾವೆಲ್ಲ ಹೆಸರು ಹಿಡಿದು ಬೇಡಿದ್ದಕ್ಕೆ ನಮ್ಮ ಸಹೋದರಿ ಉಳಿದಳು ಎಂದು ಗಟ್ಟಿಯಾಗಿ ಕೃತಜ್ಞತೆ ಸಲ್ಲಿಸಿದಳು. ಜನ ತಲೆಯಾಡಿಸಿದರು. ಅವ್ವ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಆಮೇಲೆ, ಒಬ್ಬರಿಗೊಬ್ಬರು ಶಾಂತಿ ಕೋರಿ ಎಂದು ಫಾದರ್ ಹೇಳುವ ಹೊತ್ತು ಬಂತು. ಮುಂದಿನ ಬೆಂಚಿನಿಂದ ಗೆಳತಿ ಹಿಂದಕ್ಕೆ ತಿರುಗಿ, ಕೈಜೋಡಿಸಿ, ಮುಖ ಅರಳಿಸಿ ನನಗಾಗಿ ಕಾದಳು. ಕೈ ಮುಗಿದೆ. ಶಾಂತಿ, ಅಂದೆ. ಈಗಲೂ ಪ್ರತಿ ಭಾನುವಾರ ಅನ್ನುತ್ತೇನೆ. ಅದು ಬಿಟ್ಟರೆ ಅವಳಿಗೆ ನಾನು ಮತ್ತೇನನ್ನೂ ಹೇಳಿಲ್ಲ.